ನಾನಾರ ಹೆಸರಿನ ಬಾಲ

ಕಳೆದ ಈದ್ ಮುಗಿದ ವಾರ ಶಿರೂರಿನಿಂದ ಮಾಮುವಿನ ಫೋನು ಬಂತು. ಮೊಮ್ಮಗಳು ಪಾಸ್‌ಪೋರ್ಟಿಗೆ ಅರ್ಜಿ ಹಾಕಲು ಕುಳಿತಿದ್ದಾಳೆ, ಹೆಸರಿನ ಕೊನೆಗೆ ಮನೆತನದ ಹೆಸರು ಬೇಕೇ ಬೇಕೆಂದು ಹಟ ಹಿಡಿದಿದ್ದಾಳೆ, ‘ನಾಖುದಾ’ ಎಂದು ಬರೆಯುತ್ತಾಳಂತೆ. “ನೀನು ಉರ್ದು ಕಲಿತವನು. ಆ ಹೆಸರಿನ ಅರ್ಥ ಅವತ್ತು ಹೇಳಿದ್ದೂ ನೀನೇ. ಇವಳಿಗೂ ನೀನೇ ಬಂದು ಹೇಳು” ಎಂದರು ಮಾಮು. ಅವರ ಧ್ವನಿಯಲ್ಲಿ ಸಿಟ್ಟಿರಲಿಲ್ಲ. ನಮಗೆ ಮಾತ್ರ ಮೂವತ್ತೈದು ವರ್ಷಗಳ ಹಿಂದಿನ ಒಂದು ಮಧ್ಯಾಹ್ನ ನೆನಪಾಗಿ ಕಿವಿ ಬಿಸಿಯಾಯಿತು.

ಆಗ ನಾವು ಕುಂದಾಪುರದ ಉರ್ದು ಶಾಲೆಯಲ್ಲಿ ನಾಲ್ಕನೆಯ ತರಗತಿ ಮುಗಿಸಿ, ಬೇಸಿಗೆ ರಜೆಗೆ ತಾಯಿಯ ತವರಿಗೆ ಹೋಗಿದ್ದೆವು. ನಾನಾರ ಮನೆಯ ಬಾಗಿಲ ಮೇಲೆ ಹಳೆಯದೊಂದು ಹಲಗೆ. ಅದರಲ್ಲಿ ಉರ್ದು ಲಿಪಿಯಲ್ಲಿ ನಾನಾರ ಹೆಸರು, ಹೆಸರಿನ ತುದಿಗೆ ‘ನಾಖುದಾ’. ಉರ್ದುವಿನ ಅಲಿಫ್ ತನ್ನ ಮುಂದಿನ ಅಕ್ಷರದ ಕೈ ಹಿಡಿಯುವುದಿಲ್ಲ. ಹಾಗಾಗಿ ‘ನಾ’ ಒಂದು ಕಡೆ ನಿಂತರೆ ‘ಖುದಾ’ ಸ್ವಲ್ಪ ದೂರ ನಿಂತಿರುತ್ತದೆ. ಹೊಸದಾಗಿ ಓದಲು ಕಲಿತ ಹುಮ್ಮಸ್ಸಿನಲ್ಲಿ ಊಟಕ್ಕೆ ಕುಳಿತವರೆಲ್ಲರ ಮುಂದೆ ನಾವು ಘೋಷಿಸಿದೆವು: “ನಾ ಅಂದರೆ ಇಲ್ಲ, ಖುದಾ ಅಂದರೆ ದೇವರು. ನಾನಾರ ಹೆಸರಿನ ಅರ್ಥ ದೇವರಿಲ್ಲ ಅಂತ!”

ಎಲ್ಲರೂ ನಕ್ಕರು. ನಾನಾ ನಗಲಿಲ್ಲ, ಗದರಿಸಲೂ ಇಲ್ಲ. ಅದು ಕೆಲಸದ ಹೆಸರು ಮಗೂ, ಎಂದಷ್ಟೇ ಹೇಳಿ ಮೀನಿನ ಮುಳ್ಳು ಬಿಡಿಸತೊಡಗಿದರು. ಅವರ ತಂದೆ ಮಂಜಿಯಲ್ಲಿ ಹೆಂಚು ಹೇರಿಕೊಂಡು ಮುಂಬೈವರೆಗೆ ಹೋಗಿ ಬರುತ್ತಿದ್ದವರು. ನಾನಾರ ಕಾಲಕ್ಕೆ ಹೆಂಚು ಲಾರಿ ಹತ್ತಿತ್ತು, ಹಾಯಿಯ ಮಂಜಿಗಳಿಗೆ ಕೆಲಸವಿರಲಿಲ್ಲ. ಹೆಸರೊಂದು ಉಳಿದಿತ್ತು.

ನಕ್ಕವರಲ್ಲಿ ಇಪ್ಪತ್ತು ದಾಟಿದ ಮಾಮುವೂ ಇದ್ದರು. ಮನೆಗೆ ಬಂದ ಒಬ್ಬ ಹಿರಿಯರೂ ನಮ್ಮ ಮಾತಿಗೆ ತಲೆಯಾಡಿಸಿ, ಇಂಥ ಹೆಸರು ಇಟ್ಟುಕೊಳ್ಳಬಾರದು ಎಂದರಂತೆ. ಮುಂದೆ ಕೊಲ್ಲಿಗೆ ಹೋಗಲು ಪಾಸ್‌ಪೋರ್ಟ್ ಮಾಡಿಸುವಾಗ ಮಾಮು ತಮ್ಮ ಹೆಸರಿನಿಂದಲೂ ತಂದೆಯ ಹೆಸರಿನಿಂದಲೂ ಆ ಪದ ಕಿತ್ತುಹಾಕಿದರು. ನಾನಾ ತೀರಿಕೊಂಡ ಮೇಲೆ ಜಾಗದ ಖಾತೆ ಬದಲಿಸುವಾಗ ಪೇಚು ಬಂತು. ಪಹಣಿಯಲ್ಲಿರುವವರು ಒಬ್ಬರು, ಮಗನ ದಾಖಲೆಯಲ್ಲಿರುವ ತಂದೆ ಇನ್ನೊಬ್ಬರು! ಇಬ್ಬರೂ ಒಬ್ಬರೇ ಎಂದು ತೋರಿಸಲು ಮಾಮು ಒಂದೂವರೆ ವರ್ಷ ಅಲೆದರು.

ಉರ್ದು ಇನ್ನಷ್ಟು ತಲೆಗೆ ಹತ್ತಿದ ಮೇಲೆ, ನಿಘಂಟು ತೆರೆದಾಗ, ನಮ್ಮ ಪಾಂಡಿತ್ಯದ ಬೆಲೆ ತಿಳಿಯಿತು. ಈ ‘ನಾ’ ನಿಷೇಧದ ‘ನಾ’ ಅಲ್ಲ. ಅದು ‘ನಾವ್’. ಪಾರಸಿಯಲ್ಲಿ ‘ನಾವ್’ ಎಂದರೆ ನಮ್ಮ ಕನ್ನಡದ ನಾವೆಯೇ, ಎರಡೂ ಒಂದೇ ಬೇರಿನವು. ‘ಖುದಾ’ ಎಂಬುದಕ್ಕೆ ದೇವರು ಮಾತ್ರವಲ್ಲ, ಒಡೆಯ ಎಂಬ ಅರ್ಥವೂ ಇದೆ. ನಾವ್-ಖುದಾ, ನಾವೆಯ ಒಡೆಯ. ಸಾವಿರಾರು ನಾಲಿಗೆಗಳ ಮೇಲೆ ಸವೆದು ನಡುವಿನ ‘ವ್’ ಬಿದ್ದುಹೋಯಿತು. ಉರ್ದು ಕವಿಗಳಿಗೆ ಖುದಾ ಮತ್ತು ನಾಖುದಾ ಜೋಡಿ ಬಲು ಪ್ರಿಯ. ನಾವೆ ನಡೆಸುವವನನ್ನು ನಂಬಬೇಕೋ ದೇವರನ್ನೋ ಎಂದು ಅವರು ಆಡುವ ಆಟದ ಸ್ವಾರಸ್ಯ ಇರುವುದೇ ಈ ಅರ್ಥದಲ್ಲಿ.

ಅಕ್ಬರನ ಕಾಲದ ‘ಆಯಿನ್-ಎ-ಅಕ್ಬರಿ’ಯಲ್ಲಿ ಹಡಗಿನ ಸಿಬ್ಬಂದಿಯ ಪಟ್ಟಿಯೊಂದಿದೆ. ಮೊದಲ ಹೆಸರೇ ನಾಖುದಾ, ಹಡಗು ಯಾವ ದಾರಿ ಹಿಡಿಯಬೇಕೆಂದು ತೀರ್ಮಾನಿಸುವವನು. ನಂತರ ಮುಅಲ್ಲಿಮ್, ನಕ್ಷತ್ರ ನೋಡಿ ದಾರಿ ತೋರಿಸುವವನು. ಇಂದು ಮದ್ರಸದಲ್ಲಿ ಮಕ್ಕಳಿಗೆ ಅಲಿಫ್-ಬೇ ಕಲಿಸುವವರನ್ನು ನಾವು ಅದೇ ಹೆಸರಿನಿಂದ ಕರೆಯುತ್ತೇವೆ. ಆಮೇಲೆ ಖಲಾಸಿಗಳ ಮುಖ್ಯಸ್ಥನಾದ ತಾಂಡೇಲ. ಉಗ್ರಾಣ ನೋಡುವವನು ಭಂಡಾರಿ (ನಮ್ಮೂರ ಭಂಡಾರಿಗಳದ್ದು ಬೇರೆಯೇ ಕತೆ, ಇಲ್ಲಿ ಬೇಡ). ಪಟ್ಟಿಯ ಕೊನೆಗೆ ಹಾಯಿ ಏರಿಸಿ ಇಳಿಸುವ ಸಾಮಾನ್ಯ ನಾವಿಕ, ಖಾರ್ವಾ. ಅದನ್ನು ಓದಿದಾಗ ನಮಗೆ ಕಂಡದ್ದು ದಿಲ್ಲಿಯಲ್ಲ, ಗಂಗೊಳ್ಳಿಯ ಬಂದರು. ಅಲ್ಲಿ ಇಂದಿಗೂ ಬೋಟಿಗೆ ತಾಂಡೇಲನಿದ್ದಾನೆ, ದಡದಲ್ಲಿ ಖಾರ್ವಿ ಕೇರಿಯಿದೆ. ಪಟ್ಟಿಯ ಮೇಲಿನ ತುದಿಯ ಹೆಸರನ್ನು ಮಾತ್ರ ನಾವು ಊಟದ ಹೊತ್ತಿನಲ್ಲಿ ಕಳೆದುಬಿಟ್ಟೆವು.

ನಮ್ಮ ತೀರದಲ್ಲಿ ಇಂಥ ಪದಗಳು ನೆಂಟರಂತೆ ಬಂದು ಮನೆಯವರೇ ಆದವು. ಬಸ್ರೂರು, ಬಾರ್ಕೂರು ಕಡೆಯ ವಿಜಯನಗರ ಕಾಲದ ಶಾಸನಗಳಲ್ಲಿ ‘ಹಂಜಮಾನ’ ಎಂಬ ವರ್ತಕರ ಕೂಟದ ಹೆಸರು ಬರುತ್ತದೆ. ಅದು ಪಾರಸಿಯ ‘ಅಂಜುಮನ್’. ಕನ್ನಡದ ಕಲ್ಲು ಅದಕ್ಕೊಂದು ‘ಹ’ ಕೊಟ್ಟು ಒಳಗೆ ಕರೆದುಕೊಂಡಿತು. ಸುಮಾರು 1342ರಲ್ಲಿ ಈ ದಾರಿಯಲ್ಲಿ ಹಾದುಹೋದ ಇಬ್ನ್ ಬತೂತಾ, ಬಸ್ರೂರಿನ ಮುಸ್ಲಿಮರ ಮುಖಂಡ ಶೇಖ್ ಜುಮಾ ಎಂಬವರು ‘ಅಬೂ ಸಿತ್ತಾ’ ಎಂದು ಪ್ರಸಿದ್ಧರು ಎಂದು ಬರೆದಿದ್ದಾನೆ. ಅಂದರೆ ‘ಆರರ ಅಪ್ಪ’. ಏಳುನೂರು ವರ್ಷಗಳ ಹಿಂದೆಯೂ ನಮ್ಮೂರಿನಲ್ಲಿ ಇಟ್ಟ ಹೆಸರಿಗಿಂತ ಕರೆದ ಹೆಸರೇ ಜೋರಾಗಿತ್ತು! ಮುಂದೆ ಬಾರ್ಕೂರಿನಲ್ಲಿ ವಾಸುದೇವನೆಂಬ ಹಿಂದೂ ಅರಸ. ಅವನ ಮೂವತ್ತು ಯುದ್ಧನೌಕೆಗಳಿಗೆ ಲೂಲಾ ಎಂಬ ಮುಸ್ಲಿಮ್ ನಾಯಕ. ಈ ಲೂಲಾ ದುಷ್ಟನಾಗಿದ್ದ, ಕಡಲ್ಗಳ್ಳನಾಗಿದ್ದ ಎಂದು ಬರೆಯಲೂ ಬತೂತಾ ಹಿಂಜರಿದಿಲ್ಲ.

ನಾಖುದಾ ಎಂಬುದು ಒಂದೇ ಮತದವರ ಸೊತ್ತೂ ಆಗಿರಲಿಲ್ಲ. ಹನ್ನೆರಡನೆಯ ಶತಮಾನದಲ್ಲಿ ಮಂಗಳೂರಿಗೆ ಬಂದುಹೋಗುತ್ತಿದ್ದ ನಾಖುದಾಗಳಲ್ಲಿ ಮಹ್ರೂಜ್ ಎಂಬ ಯಹೂದಿಯೂ ಇದ್ದ. ಅವನ ಪತ್ರ ಕೈರೋದ ಹಳೆಯ ಯಹೂದಿ ಮಂದಿರದ ಕಾಗದದ ರಾಶಿಯಲ್ಲಿ ಸಿಕ್ಕಿದೆ. 1264ರ ಸೋಮನಾಥದ ಶಾಸನ ಸಂಸ್ಕೃತ ಮತ್ತು ಅರಬ್ಬಿ ಎರಡರಲ್ಲೂ ಇದೆ. ಹುರ್ಮುಜಿನಿಂದ ಬಂದ ನಾಖುದಾ ಫಿರೋಜ್ ಅಲ್ಲಿ ಮಸೀದಿ ಕಟ್ಟಿಸಿದ ವಿವರ ಅದರಲ್ಲಿದೆ. ಸಂಸ್ಕೃತದಲ್ಲಿ ಅಂಥವರಿಗೆ ‘ನೌವಿತ್ತಕ’ ಎಂಬ ಮಾತಿತ್ತು, ನಾವೆಯೇ ಸಂಪತ್ತಾಗಿ ಉಳ್ಳವನು. ಕಲ್ಲಿಕೋಟೆಯ ಮಿಸ್ಕಾಲ್ ಪಳ್ಳಿ ಒಬ್ಬ ನಾಖುದಾನ ಹೆಸರು ಹೊತ್ತಿದೆ. ಕೋಲ್ಕತ್ತದ ದೊಡ್ಡ ಮಸೀದಿ ನಾಖುದಾ ಮಸೀದಿ. ಮಲಯ ಭಾಷೆಯಲ್ಲಿ ಹಡಗಿನ ಕಪ್ತಾನ ಇಂದಿಗೂ ‘ನಖೋದಾ’, ಆಫ್ರಿಕಾದ ಸ್ವಾಹಿಲಿಯಲ್ಲಿ ‘ನಹೋಧಾ’. ಕೊಂಕಣದ ಕಡೆ ಅದೇ ‘ನಾಖ್ವಾ’ ಎಂಬ ಅಡ್ಡಹೆಸರಾಗಿದೆ. ಶಿರೂರಿನಿಂದ ಭಟ್ಕಳ, ಹೊನ್ನಾವರದ ಕಡೆಯವರೆಗೆ ಇರುವ ಮನೆತನಗಳಿಗೆ ‘ನಾಖುದಾ’ ಅಷ್ಟೇ ಹಳೆಯ ಗುರುತು.

ಇಷ್ಟನ್ನೂ ಹೊತ್ತುಕೊಂಡು ನಾವು ಶಿರೂರಿಗೆ ಹೋದೆವು. ಹುಡುಗಿ ನಮಗಿಂತ ಮುಂದಿದ್ದಳು. ಅರ್ಥವೆಲ್ಲ ಅವಳು ಮೊದಲೇ ಹುಡುಕಿಟ್ಟುಕೊಂಡಿದ್ದಳು. ಜಪಾನಿನಲ್ಲಿ 1875ರಲ್ಲಿ ಪ್ರಜೆಗಳೆಲ್ಲ ಮನೆತನದ ಹೆಸರು ಇಟ್ಟುಕೊಳ್ಳಲೇಬೇಕೆಂದು ಸರಕಾರ ಆಜ್ಞೆ ಮಾಡಿತಂತೆ. ಗದ್ದೆಯ ನಡುವಿನವರು ತನಕಾ, ಬೆಟ್ಟದ ಬುಡದವರು ಯಾಮಾಮೊಟೊ. “ಅವರಿಗೆ ಸರಕಾರ ಹೇಳಿದ ಮೇಲೆ ಹೆಸರು ಬಂತು ಚಾಚಾ, ನಮಗೆ ಇದ್ದದ್ದನ್ನೇ ನೀವು ತೆಗೆದಿರಿ” ಎಂದಳು. ಮಾಮು ಕಿಟಕಿಯ ಹೊರಗೆ ನೋಡಿದರು. ನಾವೂ ಅಲ್ಲೇ ನೋಡಿದೆವು.

ಮಾಮುವಿನ ವಿರೋಧಕ್ಕೆ ಈಗ ಅರ್ಥ ಕಾರಣವಲ್ಲ, ಭಯ ಕಾರಣ. ಹುಡುಗಿಯ ಹತ್ತನೇ ತರಗತಿಯ ಅಂಕಪಟ್ಟಿಯಲ್ಲಿ ಈ ಹೆಸರಿಲ್ಲ, ಆಧಾರಿನಲ್ಲಿಲ್ಲ, ಅವಳಪ್ಪನ ದಾಖಲೆಯಲ್ಲಿಲ್ಲ. “ಒಂದಕ್ಷರ ಹೆಚ್ಚುಕಡಿಮೆಯಾದರೆ ನಮ್ಮಂಥವರು ಎಷ್ಟು ಬಾಗಿಲು ತಟ್ಟಬೇಕು, ನನಗೆ ಗೊತ್ತು” ಎಂದರು. ಅದಕ್ಕೆ ನಮ್ಮಲ್ಲಿ ನಿಘಂಟಿನ ಉತ್ತರವಿರಲಿಲ್ಲ. ಅವರು ಹೇಳಿದ್ದು ನಿಜವೇ. ಹುಡುಗಿ ಮಾತ್ರ ಎದ್ದು ಹೋಗಿ ಪಹಣಿಯ ಹಳೆಯ ಪ್ರತಿ ತಂದು ಅಜ್ಜನ ಮಡಿಲಲ್ಲಿಟ್ಟಳು. ಒಂದೂವರೆ ವರ್ಷ ಅವರನ್ನು ಅಲೆಸಿದ ಅದೇ ಕಾಗದ. ಮಾಮು ಅದನ್ನು ತುಂಬ ಹೊತ್ತು ಓದಿ, “ಅಫಿದವಿತ್ ಮೊದಲು ಮಾಡಿಸೋಣ, ಆಮೇಲೆ ಪಾಸ್‌ಪೋರ್ಟ್” ಎಂದರು.

ಕುಂದಾಪುರದಲ್ಲಿ ಅಫಿದವಿತ್ ಟೈಪ್ ಮಾಡುವವರ ಅಂಗಡಿಗೆ ಮೂವರೂ ಹೋದೆವು. ಆತ ಬೆರಳು ನಿಲ್ಲಿಸಿ, “ಇದೆಂತ ಹೆಸ್ರು ಮಾರಾಯ್ರೆ?” ಎಂದ. ನಾವು ಇಬ್ನ್ ಬತೂತಾನಿಂದ ಶುರುಮಾಡುವವರಿದ್ದೆವು. ಮಾಮು ಅಡ್ಡ ಬಂದು, ಬೋಟಿಗೆ ತಾಂಡೇಲ ಇರುವುದಿಲ್ಲವೇ, ಅವನ ಮೇಲಿನವನು, ಎಂದರು.

“ಹಾಂಗೆ ಹೇಳಿ ಮತ್ತೆ” ಎಂದು ಆತ ಟೈಪ್ ಮಾಡಿದ. ಪರದೆಯ ಮೇಲೆ ‘ನಾಕುದ’ ಎಂದು ಬಂತು. ಅಲ್ಲಿ ‘ಖು’ ಬರಬೇಕು, ಕೊನೆಗೆ ದೀರ್ಘ ಎಂದು ನಾವು ಬಗ್ಗಿದೆವು. ಮಾಮು ನಮ್ಮ ತೋಳು ಹಿಡಿದು ಪಹಣಿ ತೋರಿಸಿದರು. ಅದರಲ್ಲಿಯೂ ‘ನಾಕುದ’ ಎಂದೇ ಇತ್ತು.