ಸೋಮವಾರದ ಹೊಟ್ಟೆನೋವು



ನಮ್ಮ ಸಂಘದ ಪತ್ರಿಕೆಗೆ ಇದುವರೆಗೆ ಅಡಿಗೆಯ ಬಗ್ಗೆ ಮಾತ್ರ ಬರೆದವಳು ನಾನು. ಈ ಸಲದ ವಿಷಯ ಬೇರೆ. ಇದನ್ನು ನಿಮ್ಮ ಅಪ್ಪ-ಅಮ್ಮಂದಿರಿಗಿಂತ ನಿಮಗೇ ಹೇಳಬೇಕೆನಿಸಿತು.

2010ರಲ್ಲಿ ನಮ್ಮ ಯಜಮಾನರಿಗೆ ನಾಸಿಕ್‌ನಿಂದ ಛತ್ರಪತಿ ಸಂಭಾಜಿನಗರಕ್ಕೆ ವರ್ಗವಾಯಿತು. ಆಗಿನ್ನೂ ಅದು ಔರಂಗಾಬಾದ್. ಮಗಳು ಎಂಟನೇ ತರಗತಿ. ಊರೇನೂ ದೂರವಲ್ಲ, ತಪೋವನ ಎಕ್ಸ್‌ಪ್ರೆಸ್ ಹತ್ತಿದರೆ ಮನ್ಮಾಡ್ ದಾಟಿ ಮಧ್ಯಾಹ್ನದ ಊಟದ ಹೊತ್ತಿಗೆ ಇಳಿಯಬಹುದು. ಆದರೆ ಹದಿಮೂರು ವರ್ಷದ ಹುಡುಗಿಯ ಗೆಳತಿಯರೆಲ್ಲ ನಾಸಿಕ್‌ನಲ್ಲೇ ಉಳಿದುಬಿಟ್ಟಿದ್ದರು.

ಜುಲೈ ಹೊತ್ತಿಗೆ ಪ್ರತಿ ಸೋಮವಾರ ಬೆಳಿಗ್ಗೆ ಅವಳಿಗೆ ಹೊಟ್ಟೆನೋವು ಶುರುವಾಯಿತು. ಓಮದ ಕಷಾಯ ಕೊಟ್ಟೆ, ದೃಷ್ಟಿ ತೆಗೆದೆ. ಡಾಕ್ಟರು ಸೋನೋಗ್ರಫಿ ಮಾಡಿಸಿ ಏನೂ ಇಲ್ಲವೆಂದರು. "ಭಾನುವಾರ ಇಲ್ಲದ ನೋವು ಸೋಮವಾರ ಹೇಗೆ ಬರುತ್ತೆ?" ಎಂದು ಗದರಿದೆ. ಒಂದು ರಾತ್ರಿ ಅವಳೇ ಅಡಿಗೆಮನೆಗೆ ಬಂದು, "ಅಮ್ಮಾ, ನಂಗೆ ಒಳಗೆಲ್ಲಾ ಕಸಂತರೀ ಆಗ್ತಿದೆ" ಎಂದಳು. ನಾನೇನು ಹೇಳಿದೆ ಗೊತ್ತೇ? "ಅದೇನು ಅರ್ಧ ಮರಾಠಿ? ನೆಟ್ಟಗೆ ಕನ್ನಡದಲ್ಲಿ ಹೇಳು." ಅವಳು ಸುಮ್ಮನೆ ಹೋಗಿ ಮಲಗಿದಳು.

ಇಂಗ್ಲಿಷ್ ಬಿ.ಎ. ಓದುವಾಗ ಹ್ಯಾಮ್ಲೆಟ್‌ನ ವಿಷಾದದ ಬಗ್ಗೆ ನಾಲ್ಕು ಪುಟ ಬರೆದು ಒಳ್ಳೆಯ ಅಂಕ ತೆಗೆದವಳು ನಾನು! ಮಗಳ ಬಾಯಿಂದ ಬಂದ ಒಂದೇ ಒಂದು ಮಾತು ನನಗೆ ಅರ್ಥವಾಗಲಿಲ್ಲ. ತಳಮಳ, ದುಗುಡ, ಕಳವಳ ಎಂಬ ಮಾತುಗಳನ್ನು ನಾನು ಅವಳಿಗೆ ಎಂದೂ ಕಲಿಸಿರಲಿಲ್ಲ. ಮತ್ತೆ ಅವಳು ಕನ್ನಡದಲ್ಲಿ ಹೇಳುವುದಾದರೂ ಹೇಗೆ?

ಕೊನೆಗೆ ಶಾಲೆಯ ಡ್ರಾಯಿಂಗ್ ಟೀಚರ್ ಫೋನ್ ಮಾಡಿದರು. ಮಗಳು ದಿನವೂ ಒಬ್ಬಳೇ ಕುಳಿತು ಡಬ್ಬಿ ತಿನ್ನುತ್ತಿದ್ದಳಂತೆ. ಅವಳ ಮಾತಿನ ಧಾಟಿಯನ್ನು ಕೆಲವರು ಅಣಕಿಸುತ್ತಿದ್ದರಂತೆ. ಆ ಶಾಲೆಯಲ್ಲಿ ಕೌನ್ಸೆಲರ್ ಇರಲಿಲ್ಲ. ಹೊರಗೆ ಒಬ್ಬರನ್ನು ಹುಡುಕಿಕೊಂಡು ಹೋದೆವು. ಅವರು ಮೊದಲು ಹೇಳಿದ ಮಾತು, "ನಿನಗೆ ಯಾವ ಭಾಷೆ ಬರುತ್ತೋ ಅದರಲ್ಲೇ ಹೇಳು." ಆಮೇಲೆ ನನ್ನತ್ತ ತಿರುಗಿ, ಆ ನೋವು ನಾಟಕವಲ್ಲ, ಮಕ್ಕಳ ಆತಂಕ ಎಷ್ಟೋ ಸಲ ಹೊಟ್ಟೆನೋವು, ತಲೆನೋವಾಗಿಯೇ ಕಾಣಿಸಿಕೊಳ್ಳುತ್ತದೆ ಎಂದರು. ಅವಳು ಚೇತರಿಸಿಕೊಳ್ಳಲು ಆರು ತಿಂಗಳು ಹಿಡಿಯಿತು.

ಈಗ ಕಾಲ ಸ್ವಲ್ಪ ಬದಲಾಗಿದೆ. ವಿಶಾಖಪಟ್ಟಣದಲ್ಲಿ ನೀಟ್ ಪರೀಕ್ಷೆಗೆ ಓದುತ್ತಿದ್ದ ಹದಿನೇಳರ ಹುಡುಗಿಯೊಬ್ಬಳ ಸಾವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2025ರ ಜುಲೈ 25ರಂದು ತೀರ್ಪು ಕೊಟ್ಟಿತು. 100 ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಶಾಲೆ, ಕಾಲೇಜು, ಕೋಚಿಂಗ್ ಕ್ಲಾಸುಗಳು ತರಬೇತಾದ ಒಬ್ಬ ಕೌನ್ಸೆಲರನ್ನೋ ಮನಶ್ಶಾಸ್ತ್ರಜ್ಞರನ್ನೋ ಸಮಾಜ ಕಾರ್ಯಕರ್ತರನ್ನೋ ನೇಮಿಸಬೇಕು. ಚಿಕ್ಕ ಸಂಸ್ಥೆಗಳು ಹೊರಗಿನ ತಜ್ಞರ ಜೊತೆ ಏರ್ಪಾಡು ಮಾಡಿಕೊಳ್ಳಬೇಕು ಎಂದಿತು. 2022ರ ಅಕ್ಟೋಬರ್‌ನಲ್ಲಿ ಶುರುವಾದ ಟೆಲಿ-ಮಾನಸ್ ಸಹಾಯವಾಣಿಯೂ ಇದೆ. ಅದಕ್ಕೆ ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಬೆನ್ನೆಲುಬು. 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಫೋನ್ ಮಾಡಬಹುದು, ದುಡ್ಡಿಲ್ಲ. ಕನ್ನಡದಲ್ಲೂ ಮಾತಾಡಬಹುದು, ಮರಾಠಿಯಲ್ಲೂ.

ಆದರೆ ಬಾಗಿಲಿಗೆ ಕೌನ್ಸೆಲರ್ ಎಂದು ಬೋರ್ಡು ಹಾಕಿದರೆ ಸಾಲದು. ಆ ಬಾಗಿಲು ತಟ್ಟಿದವರನ್ನು 'ಹುಚ್ಚು' ಎಂದು ನಗುವವರಿದ್ದರೆ ಯಾರು ಹೋದಾರು? ಅಲ್ಲಿ ನಿಮ್ಮ ಪಾಲೂ ಇದೆ. ನಿಮ್ಮ ಶಾಲೆಯ ಕೌನ್ಸೆಲರ್ ಯಾರು, ಯಾವ ದಿನ ಬರುತ್ತಾರೆ ಎಂದು ಕೇಳಿ ತಿಳಿದುಕೊಳ್ಳಿ. ಒಂಟಿಯಾಗಿ ಡಬ್ಬಿ ತಿನ್ನುವವರ ಪಕ್ಕದಲ್ಲಿ ಹೋಗಿ ಕುಳಿತುಕೊಳ್ಳಿ. ಸ್ನೇಹಿತರು ಯಾರಾದರೂ "ಬದುಕೇ ಬೇಡ" ಎಂದರೆ, ಯಾರಿಗೂ ಹೇಳಬೇಡವೆಂದು ಆಣೆ ಹಾಕಿಸಿಕೊಂಡಿದ್ದರೂ, ಅಂದೇ ನಂಬಿಕೆಯ ಹಿರಿಯರೊಬ್ಬರಿಗೆ ಹೇಳಿಬಿಡಿ. ಆ ಆಣೆ ಮುರಿದರೆ ಪಾಪವಿಲ್ಲ.

ನಿಮ್ಮ ಮನಸ್ಸಿಗೇ ಹಾಗಾದರೆ ಕನ್ನಡವೋ ಮರಾಠಿಯೋ ಇಂಗ್ಲಿಷೋ, ಬಂದ ಮಾತಿನಲ್ಲಿ ಹೇಳಿ. ಅಮ್ಮ ಮೊದಲ ಸಲ ಗದರಿದರೆ ಎರಡನೇ ಸಲ ಹೇಳಿ. ನಮಗೂ ಕಲಿಯಲು ಹೊತ್ತು ಬೇಕು, ಮಕ್ಕಳೇ.

ನನ್ನ ಮಗಳು ಈಗ ಪುಣೆಯಲ್ಲಿ ಕೆಲಸದಲ್ಲಿದ್ದಾಳೆ. ಎಂದಾದರೊಮ್ಮೆ ಫೋನಿನಲ್ಲಿ "ಅಮ್ಮಾ, ಕಸಂತರೀ" ಎನ್ನುತ್ತಾಳೆ. ನಾನು ಒಲೆ ಆರಿಸಿ ಕುಳಿತು ಕೇಳುತ್ತೇನೆ.

ನಿಮಗೆಲ್ಲ ಒಳ್ಳೆಯದಾಗಲಿ.