ಸಭೆಗೆ ಬಾರದ ಸದಸ್ಯರು

ಸಂಘವೊಂದು ಹುಟ್ಟುವಾಗ ಎಲ್ಲರೂ ಮಾತನಾಡುತ್ತಾರೆ. ಇಪ್ಪತ್ತು ವರ್ಷ ಸಂದ ಮೇಲೆ ನಡಾವಳಿ ಪುಸ್ತಕ ತೆರೆದು ನೋಡಿದರೆ ಅವೇ ಹತ್ತು ಹನ್ನೆರಡು ಸಹಿಗಳು ಪುಟದಿಂದ ಪುಟಕ್ಕೆ ಮುಂದುವರಿದಿರುತ್ತವೆ. ಉಳಿದವರ ಹೆಸರು ಸದಸ್ಯರ ಪಟ್ಟಿಯಲ್ಲಿ ಮಾತ್ರ. ಅವರು ಸಭೆಗೆ ಬರುವುದಿಲ್ಲ, ವಿರೋಧಿಸುವುದಿಲ್ಲ, ಕೆಲವರು ವಂತಿಗೆಯನ್ನೂ ಕೊಡುವುದಿಲ್ಲ. ಇಂಥವರನ್ನು ಏನು ಮಾಡಬೇಕೆಂಬ ಪ್ರಶ್ನೆ ನೇಕಾರರ ಸಂಘ, ಪತ್ತಿನ ಸಂಘ, ಬಸದಿಯ ವಿಶ್ವಸ್ತ ಮಂಡಳಿ ಇವೆಲ್ಲವುಗಳ ಮುಂದೆಯೂ ಒಂದಿಲ್ಲೊಂದು ದಿನ ಬರುತ್ತದೆ. ಹೆಚ್ಚಾಗಿ ಬರುವುದು ಕೋರಂ ಆಗದಿದ್ದಾಗ, ಇಲ್ಲವೆ ಚುನಾವಣೆ ಹತ್ತಿರವಾದಾಗ.

ಕಾನೂನಿನ ಉತ್ತರ ಹಳೆಯದು. 1860ರ ಸಂಘಗಳ ನೋಂದಣಿ ಕಾಯಿದೆಯ 15ನೆಯ ಕಲಮಿನ ಪ್ರಕಾರ ಮೂರು ತಿಂಗಳಿಗೂ ಮೀರಿ ವಂತಿಗೆ ಬಾಕಿ ಉಳಿಸಿಕೊಂಡವನಿಗೆ ಮತವಿಲ್ಲ. ಅವನನ್ನು ಸದಸ್ಯನೆಂದು ಎಣಿಸುವಂತೆಯೂ ಇಲ್ಲ. ಸಹಕಾರಿ ಸಂಘಗಳಲ್ಲಿ ಈ ವಿಚಾರ ಬೇರೆ ರೂಪ ತಾಳಿತು. 2012ರಲ್ಲಿ ಜಾರಿಗೆ ಬಂದ ಸಂವಿಧಾನದ 97ನೆಯ ತಿದ್ದುಪಡಿಯು, ಸದಸ್ಯರು ಕನಿಷ್ಠ ಇಷ್ಟು ಸಭೆಗಳಿಗೆ ಹಾಜರಾಗಬೇಕು, ಸಂಘದ ಸೇವೆಯನ್ನು ಕನಿಷ್ಠ ಇಷ್ಟಾದರೂ ಬಳಸಬೇಕು ಎಂದು ರಾಜ್ಯಗಳು ನಿಯಮ ಮಾಡಬಹುದೆಂದಿತು. ರಾಜ್ಯದೊಳಗಿನ ಸಂಘಗಳಿಗೆ ಆ ಭಾಗ ಅನ್ವಯಿಸದೆಂದು 2021ರಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿತಾದರೂ, ಅಷ್ಟರಲ್ಲಿ ಕರ್ನಾಟಕದ ಸಹಕಾರ ಕಾಯಿದೆಯಲ್ಲಿಯೂ ಹಾಜರಿಯ ನಿಯಮ ಸೇರಿ, ಚುನಾವಣೆ ಬಂದಾಗ ಅನರ್ಹರ ಪಟ್ಟಿಗೆ ಸೇರಿದ ಸದಸ್ಯರು ಮತದ ಅನುಮತಿ ಕೋರಿ ಉಚ್ಚ ನ್ಯಾಯಾಲಯದ ಮೆಟ್ಟಿಲೇರುವುದು ರೂಢಿಯೇ ಆಗಿತ್ತು. ನೆರೆಯ ಗದಗ ಸೀಮೆಯ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದರು. ಆ ಚಳವಳಿಯ ಜೀವಾಳ, ಷೇರು ಎಷ್ಟಿದ್ದರೂ ಒಬ್ಬ ಸದಸ್ಯನಿಗೆ ಒಂದೇ ಮತವೆಂಬುದು. ಆ ಒಂದನ್ನೂ ಕಳೆದುಕೊಂಡವನಿಗೆ ಉಳಿಯುವುದು ಷೇರಿನ ಚೀಟಿ ಮಾತ್ರ.

ಹಾಜರಿ ಪುಸ್ತಕವು ಬಾರದವನ ಹೆಸರನ್ನು ಹೇಳುತ್ತದೆ, ಕಾರಣವನ್ನು ಹೇಳುವುದಿಲ್ಲ. ಬಾಗಲಕೋಟೆಯ ಸಂಗತಿಯನ್ನೇ ನೋಡಬಹುದು. ಆಲಮಟ್ಟಿ ಜಲಾಶಯದ ಹಿನ್ನೀರಿನಿಂದಾಗಿ ಹಳೆಯ ಊರಿನ ಒಂದು ಭಾಗ ತೆರವಾಗಿ ನವನಗರ ಬೆಳೆಯಿತು. ಓಣಿಯ ಹೆಸರಿನಿಂದ ಗುರುತಾಗುತ್ತಿದ್ದ ಮನೆಗಳು ಸೆಕ್ಟರಿನ ಸಂಖ್ಯೆಗಳಾದವು. ಒಂದೇ ಓಣಿಯವರು ನಾಲ್ಕು ಸೆಕ್ಟರುಗಳಿಗೆ ಹಂಚಿಹೋದರೆ ಸಂಘದ ಪಟ್ಟಿಯಲ್ಲಿ ಅವರ ವಿಳಾಸ ತಾನಾಗಿ ಬದಲಾಗುವುದಿಲ್ಲ. ನೀರು ನಿಂತ ಜಾಗದ ವಿಳಾಸಕ್ಕೆ ನೋಟೀಸು ಬರೆದು, ಅದು ಮುಟ್ಟಿತೆಂದು ಠರಾವಿನಲ್ಲಿ ಕಾಣಿಸಿದರೆ, ಅಲ್ಲಿ ಮೌನವಾಗಿರುವವನು ಸದಸ್ಯನೇ ಅಥವಾ ಸಂಘವೇ? ಮಲಪ್ರಭೆಯ ದಂಡೆಯಲ್ಲೂ ಇದೇ ಮಾತು. 2009ರ ನೆರೆಯ ನಂತರ ಬಾದಾಮಿ ಮತ್ತು ಹುನಗುಂದ ತಾಲೂಕುಗಳ ಹಲವು ಕುಟುಂಬಗಳು ಎತ್ತರದ ಜಾಗದ ಆಸರೆ ಮನೆಗಳಿಗೆ ಹೋದವು. ಮಳೆ ಕೈಕೊಟ್ಟ ವರ್ಷ ಗೋವೆಗೆ, ಮಂಗಳೂರಿಗೆ ಗುಳೆ ಹೋಗುವವರೂ ಕಡಿಮೆಯಿಲ್ಲ. ಊರು ಬಿಟ್ಟವನು ಸಂಘವನ್ನು ಬಿಟ್ಟನೆಂದು ತಿಳಿಯುವುದು ಈ ನೆಲದ ರೂಢಿಯೂ ಅಲ್ಲ. ಐಹೊಳೆಯ ಅಯ್ಯಾವೊಳೆ ಐನೂರ್ವರೆಂಬ ವರ್ತಕ ಸಂಘದ ಹೆಸರು ಸುಮಾತ್ರಾ ದ್ವೀಪದ ಬಾರುಸ್‌ನಲ್ಲಿ ದೊರೆತ 1088ರ ತಮಿಳು ಶಾಸನದಲ್ಲಿಯೂ ಕಾಣುತ್ತದೆ. ಕಡಲಾಚೆ ವ್ಯಾಪಾರ ಮಾಡುವಾಗಲೂ ಆ ಸಂಘದವರು ಐನೂರ್ವರೇ ಆಗಿದ್ದರು.

ಇಲಕಲ್ಲಿನಲ್ಲಿ ಮೌನಕ್ಕೆ ಇನ್ನೊಂದು ಮುಖವುಂಟು. ಅಲ್ಲಿಯ ಸೀರೆಗೆ ಮೈಯ ಹಾಸಿನ ಎಳೆಗಳನ್ನು ಸೆರಗಿನ ಹಾಸಿನ ಎಳೆಗಳಿಗೆ ಒಂದೊಂದಾಗಿ ಕೊಂಡಿ ಹಾಕಿ ಜೋಡಿಸುತ್ತಾರೆ. ಒಂದು ಎಳೆ ತಪ್ಪಿದರೂ ಟೋಪು ತೆನಿಯ ಸೆರಗಿನ ಅಂದ ಕೆಡುತ್ತದೆ. ಇಷ್ಟು ನಾಜೂಕಿನ ಕೆಲಸದಲ್ಲಿ ಮಗ್ಗದ ಮುಂದೆ ಕುಳಿತವನೊಬ್ಬನೇ ನೇಕಾರನಲ್ಲ. ನೂಲು ಬಿಡಿಸಿ ಕಂಡಿಕೆ ಸುತ್ತುವ ಹೆಣ್ಣುಮಕ್ಕಳ ದುಡಿಮೆ ಅದರ ಹಿಂದಿದೆ. ಇಂಥ ಮನೆಯ ಹೆಣ್ಣುಮಗಳು ಸಂಘದ ಸದಸ್ಯಳಾದಾಗಲೂ ಸಭೆಯಲ್ಲಿ ಅವಳ ಪರವಾಗಿ ಗಂಡನೋ ಮಗನೋ ಮಾತನಾಡಿಬಿಡುತ್ತಾನೆ. ಬಸದಿಗಳ ಸಭೆಗಳೇನೂ ಇದಕ್ಕೆ ಹೊರತಲ್ಲ. ಅಭಿಷೇಕದ ಏರ್ಪಾಟು, ಅತಿಥಿಗಳ ಊಟ, ಪರ್ವದ ದಿನಗಳ ಅಡುಗೆ ಎಲ್ಲಕ್ಕೂ ಬೇಕಾಗುವ ಶ್ರಾವಿಕೆಯರನ್ನು ಲೆಕ್ಕಪತ್ರದ ದಿನ ಯಾರೂ ಕೇಳುವುದಿಲ್ಲ. ಕೇಳದಿದ್ದವರನ್ನು ಮೌನಿಗಳೆಂದು ಕರೆಯುವುದು ನ್ಯಾಯವಲ್ಲ.

ಮೌನಿಗಳ ಇರವು ಆಡಳಿತಕ್ಕೆ ಬಹಳ ಅನುಕೂಲವೂ ಹೌದು, ಇದನ್ನು ಬಾಯಿಬಿಟ್ಟು ಹೇಳುವವರು ಕಡಿಮೆ. ಸರ್ಕಾರದ ನೆರವಿಗೆ ಅರ್ಜಿ ಬರೆಯುವಾಗ ಇಷ್ಟು ನೂರು ಸದಸ್ಯರೆಂದು ಹೆಮ್ಮೆಯಿಂದ ತೋರಿಸಲು ಅವರು ಬೇಕು. ಹಣ ಹೇಗೆ ಖರ್ಚಾಗಬೇಕೆಂದು ತೀರ್ಮಾನಿಸುವಾಗ ಬೇಡ. ಕೋರಂ ಆಗದೆ ಸಭೆ ಅರ್ಧ ಗಂಟೆ ಮುಂದಕ್ಕೆ ಹೋಗಿ, ಮತ್ತೆ ಕೂಡಿದಾಗ ಕೋರಂ ಬೇಕಿಲ್ಲವೆಂಬ ಉಪವಿಧಿಯ ಆಸರೆಯಲ್ಲಿ ಬಂದಷ್ಟೇ ಜನ ಎಲ್ಲವನ್ನೂ ಮಂಜೂರು ಮಾಡುವುದು ಎಷ್ಟು ಕಡೆ ನಡೆಯುವುದಿಲ್ಲ! ಹಾಗೆಂದು ಪಟ್ಟಿಯನ್ನು ಎಂದೂ ಮುಟ್ಟಬಾರದೆಂದಲ್ಲ. ತೀರಿಕೊಂಡವರ ಹೆಸರು ಹತ್ತು ವರ್ಷ ಉಳಿದಿದ್ದರೆ ಅವರ ಷೇರಿನ ಹಣ ವಾರಸುದಾರರಿಗೆ ಸೇರುವುದಿಲ್ಲ; ಕೆಟ್ಟ ಮನಸ್ಸಿನವರ ಕೈಗೆ ಅಂಥ ಪಟ್ಟಿ ಸಿಕ್ಕರೆ ಸತ್ತವರೂ ಮತ ಹಾಕಿಯಾರು. ಪಟ್ಟಿ ಶುದ್ಧವಾಗಬೇಕು. ಆದರೆ ಒಬ್ಬ ಮನುಷ್ಯ ಆ ಮನೆಯ ಬಾಗಿಲಿಗೆ ಹೋಗಿ ವಿಚಾರಿಸುವುದು ಮೊದಲು, ಗೆರೆ ಎಳೆಯುವುದು ಆಮೇಲೆ.

ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವು ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಉಪಗೂಹನ, ಸ್ಥಿತಿಕರಣಗಳನ್ನು ಹೇಳುತ್ತದೆ. ಅಶಕ್ತನ ಕೊರತೆಯನ್ನು ಬಯಲಿಗೆಳೆಯದಿರುವುದು ಒಂದು, ಜಾರುತ್ತಿರುವವನನ್ನು ಮತ್ತೆ ನೆಲೆಗೊಳಿಸುವುದು ಇನ್ನೊಂದು. ಅವು ಧರ್ಮಶ್ರದ್ಧೆಯ ಮಾತುಗಳು, ಹಾಜರಿ ಪುಸ್ತಕದವಲ್ಲ. ಆದರೂ ಬಸದಿಯ ಗೋಡೆಗೆ ಬಾಕಿದಾರರ ಹೆಸರು ಬರೆದು ಅಂಟಿಸಬೇಕೆಂದು ಠರಾವು ಮಾಡುವ ಮುನ್ನ ವಿಶ್ವಸ್ತರು ಅವನ್ನು ನೆನೆಯಬಹುದು. ಬಡತನದಿಂದ ವಂತಿಗೆ ಕೊಡಲಾಗದವನು ಮೊದಲು ಸಭೆ ತಪ್ಪಿಸುತ್ತಾನೆ, ಆಮೇಲೆ ಪೂಜೆಯನ್ನೂ ತಪ್ಪಿಸುತ್ತಾನೆ. ಗೋಡೆಯ ಮೇಲೆ ಹೆಸರು ಕಂಡವನು ಆ ಬೀದಿಯಲ್ಲಿಯೇ ಓಡಾಡುವುದಿಲ್ಲ.

ಬಾದಾಮಿಯ ನಾಲ್ಕನೆಯ ಗುಹೆಯಲ್ಲಿ ಬಾಹುಬಲಿ ಮೈಗೆ ಬಳ್ಳಿ ಹಬ್ಬಿಸಿಕೊಂಡು ನಿಂತಿದ್ದಾನೆ. ಒಂದು ವರ್ಷ ಮೌನವಾಗಿ ನಿಂತವನ ಮನಸ್ಸಿನಲ್ಲಿ ಅಣ್ಣನಿಗೆ ತನ್ನಿಂದ ನೋವಾಯಿತೆಂಬ ಅಳುಕು ಉಳಿದಿತ್ತೆಂದೂ, ಭರತನು ಬಂದು ಪೂಜಿಸಿದ ಮೇಲೆ ಕೇವಲಜ್ಞಾನವಾಯಿತೆಂದೂ ಜಿನಸೇನಾಚಾರ್ಯರು ಹೇಳುತ್ತಾರೆ. ಚಕ್ರವರ್ತಿಯಾದವನು ಆ ಮೌನಿಯನ್ನು ತನ್ನ ಸಭೆಗೆ ಕರೆಸಲಿಲ್ಲ, ತಾನೇ ಎದ್ದು ಹೋದನು. ಮನಸ್ತಾಪದಿಂದ ದೂರವಾದ ಹಿರಿಯ ಸದಸ್ಯರ ಮನೆಗೆ ಅಧ್ಯಕ್ಷರು ಹೋಗಲು ಹಿಂಜರಿಯುವುದನ್ನು ಕಂಡಾಗ ಈ ಕಥೆ ನೆನಪಾಗದಿರದು.

ಮಾಡಬೇಕಾದದ್ದು ದೊಡ್ಡದೇನಲ್ಲ. ಲೆಕ್ಕದ ವರ್ಷ ಮಾರ್ಚಿನಲ್ಲಿ ಮುಗಿಯುವುದರಿಂದ ಬಹಳ ಸಂಘಗಳ ವಾರ್ಷಿಕ ಮಹಾಸಭೆ ಆಗಸ್ಟ್, ಸೆಪ್ಟೆಂಬರ್ ತಿಂಗಳಲ್ಲಿ ಕೂಡುತ್ತದೆ. ಭಾದ್ರಪದದ ದಶಲಕ್ಷಣ ಪರ್ವವೂ ಅದರ ಕೊನೆಯ ಕ್ಷಮಾವಾಣಿಯೂ ಸರಿಸುಮಾರು ಅದೇ ಹೊತ್ತಿಗೆ ಬರುತ್ತವೆ. ಬಂಧುಗಳಿಗೂ ಸ್ನೇಹಿತರಿಗೂ ಕ್ಷಮೆ ಕೋರಿ ಪತ್ರ ಬರೆಯುವ ಪದ್ಧತಿ ಮನೆಮನೆಯಲ್ಲಿದೆ. ಬಸದಿಯ ಮಂಡಳಿಯೂ ಪಟ್ಟಿಯಲ್ಲಿರುವ ಪ್ರತಿಯೊಬ್ಬರಿಗೆ, ಬಾಕಿಯ ಮಾತೆತ್ತದೆ, ಅಂಥದೊಂದು ಕಾರ್ಡು ಹಾಕಲಿ. ವಿಳಾಸದಾರರಿಲ್ಲವೆಂದು ಅಂಚೆಯಿಂದ ಮರಳುವ ಕಾರ್ಡುಗಳನ್ನು ಒಂದು ಕಡೆ ಕೂಡಿಡಲಿ. ಯಾರ ಮನೆ ನೀರಿಗೆ ಹೋಯಿತು, ಯಾರು ಗುಳೆ ಹೋದರು, ಯಾರು ತೀರಿಕೊಂಡರು ಎಂದು ಅವನ್ನು ಹಿಡಿದು ಕೇಳುತ್ತ ಹೋಗಲು ಇಬ್ಬರು ಯುವಕರಿಗೆ ನಾಲ್ಕು ಭಾನುವಾರ ಸಾಕು. ಮರಳದ ಕಾರ್ಡುಗಳ ಮನೆಗಳಿಗೆ ಮಾತ್ರ ಹಿರಿಯರೇ ಹೋಗಬೇಕಾಗುತ್ತದೆ.