ಒಂದೇ ಒಂದು ಕೊಡಿ

ಮನುಷ್ಯನಿಗೆ ಅಂಟುವ ಹವ್ಯಾಸಗಳಲ್ಲಿ ಕೆಲವು ಬರಿಯ ಹಣವನ್ನು ಕೇಳುತ್ತವೆ. ಕೆಲವು ಬರಿಯ ಕಾಲವನ್ನು ಕೇಳುತ್ತವೆ. ಎಲೆಕ್ಟ್ರಾನಿಕ್ಸ್ ಎಂಬ ಹವ್ಯಾಸವು ಇವೆರಡನ್ನೂ ಕೇಳಿ, ಜೊತೆಗೆ ಚಪ್ಪಲಿಯನ್ನೂ ಸವೆಸುತ್ತದೆ. ಬೆಳಗ್ಗೆ ತರಗತಿಯಲ್ಲಿ ಹಳಗನ್ನಡ ಕಾವ್ಯದ ಪಾಠ ಹೇಳಿದವನು ಸಂಜೆ ಸೋಲ್ಡರಿಂಗ್ ಐರನ್ ಹಿಡಿದು ಕುಳಿತರೆ ನೆರೆಹೊರೆಯವರು ನಗುವುದು ಸಹಜ. ನಗಲಿ. ನನ್ನ ಚಿಂತೆ ಅದಲ್ಲ. ಮೂರು ರೂಪಾಯಿಯ ಟ್ರಾನ್ಸಿಸ್ಟರನ್ನು ಮೂರು ರೂಪಾಯಿಗೇ, ಅದೂ ಒಂದೇ ಒಂದನ್ನು, ಮುಖ ಸಿಂಡರಿಸದೆ ಕೊಡುವ ಪುಣ್ಯಾತ್ಮ ಎಲ್ಲಿದ್ದಾನೆ ಎಂಬುದೇ ನನ್ನ ಚಿಂತೆ.

ಅಂಥವರೊಬ್ಬರು ನಮ್ಮ ತುಮಕೂರಿನಲ್ಲೇ ಇದ್ದರು. ನಾನು ಹೈಸ್ಕೂಲಿನಲ್ಲಿದ್ದ ಕಾಲದ ಮಾತು. ಮನೆಗೆ ಎರಡು ಬೀದಿಯಾಚೆ ರೇಡಿಯೋ, ಟೀವಿ ದುರಸ್ತಿಯ ಅಂಗಡಿ. ಸಾಹೇಬರು ಎಂದೇ ಎಲ್ಲರೂ ಕರೆಯುತ್ತಿದ್ದರು. ಗೋಡೆಯುದ್ದಕ್ಕೂ ತಗಡಿನ ಡಬ್ಬಿಗಳು. ಯಾವ ಡಬ್ಬಿಯ ಮೇಲೂ ಹೆಸರಿಲ್ಲ. ಆದರೆ ಅವರ ಕೈ ತಪ್ಪುತ್ತಿರಲಿಲ್ಲ. ಎಂಟಾಣೆಗೆ ಒಂದು ರೆಸಿಸ್ಟರ್ ಕೊಟ್ಟು, "ಏನು ಕಟ್ಟುತ್ತೀಯಪ್ಪ?" ಎಂದು ವಿಚಾರಿಸಿ, ಬೇಡದ್ದನ್ನು ಬೇಡವೆಂದು ಹೇಳಿ ಕಳುಹಿಸುವರು. ಅವರು ತೀರಿಕೊಂಡ ಮೇಲೆ ಆ ಅಂಗಡಿಯಲ್ಲಿ ಮೊಬೈಲಿನ ಕವಚಗಳು ತೂಗಾಡುತ್ತಿವೆ. ಅಲ್ಲಿ ಹೋಗಿ ರೆಸಿಸ್ಟರ್ ಕೇಳಿದರೆ, ಆ ಹುಡುಗ ಅದು ಯಾವ ಕಂಪನಿಯ ಫೋನೆಂದು ನನ್ನನ್ನೇ ಕೇಳಿದ.

ಈಗ ಎಲ್ಲವೂ ಅಂತರಜಾಲದಲ್ಲೇ ದೊರೆಯುವುದಲ್ಲ ಎನ್ನುವಿರಿ. ದೊರೆಯುತ್ತದೆ, ನಿಜ. ಆದರೆ ಮೂರು ರೂಪಾಯಿಯ ವಸ್ತುವಿಗೆ ಅರುವತ್ತು ರೂಪಾಯಿಯ ಸಾಗಣೆ ವೆಚ್ಚ ತೆರುವುದು ಕುದುರೆಗಿಂತ ಲಗಾಮೇ ದುಬಾರಿಯಾದ ಕಥೆ. ಸಾಗಣೆ ಬಿಟ್ಟಿಯಾಗಬೇಕಾದರೆ ಐನೂರರ ಸಾಮಾನು ಕೊಳ್ಳಬೇಕು. ಒಂದು ಬೇಕೆಂದರೆ ನೂರರ ಪೊಟ್ಟಣ ಬರುತ್ತದೆ. ಚೀನಾದಿಂದ ಅಗ್ಗವಾಗಿ ತರಿಸುತ್ತಿದ್ದವರ ದಾರಿಯೂ 2020ರ ನವೆಂಬರಿನಲ್ಲಿ ಅಲಿ ಎಕ್ಸ್‌ಪ್ರೆಸ್ ನಿಷೇಧವಾದಾಗ ಮುಚ್ಚಿತು. ದೊಡ್ಡ ಪಟ್ಟಿ ಮಾಡಿಕೊಂಡು ವರ್ಷಕ್ಕೆರಡು ಬಾರಿ ತರಿಸುವವರಿಗೆ ಅಂಚೆಯ ವ್ಯಾಪಾರ ಲಾಭವೇ. ಇನ್ನೂ ಅ ಆ ಇ ಈ ತಿದ್ದುತ್ತಿರುವವನಿಗೆ ಮಾತ್ರ ಅದು ಒಗ್ಗದು.

ಇದನ್ನೆಲ್ಲ ಇಷ್ಟು ಗಂಭೀರವಾಗಿ ಯೋಚಿಸುವಂತೆ ಮಾಡಿದವನು ನನ್ನ ಕನ್ನಡ ತರಗತಿಯಲ್ಲಿ ಹಿಂದಿನ ಬೆಂಚಿನಲ್ಲಿ ಕೂರುತ್ತಿದ್ದ ಒಬ್ಬ ಬಿ.ಎಸ್‌ಸಿ. ವಿದ್ಯಾರ್ಥಿ. ತಂದೆ ದರ್ಜಿ. ಕಾಲೇಜಿನ ವಿಜ್ಞಾನ ಪ್ರದರ್ಶನಕ್ಕೆ, ನೀರಿನ ತೊಟ್ಟಿ ತುಂಬಿದೊಡನೆ ಕೂಗುವ ಯಂತ್ರವೊಂದನ್ನು ಮಾಡುವುದಾಗಿ ಹೆಸರು ಕೊಟ್ಟಿದ್ದ. ಒಂದು ವಾರದ ತರುವಾಯ ಹೆಸರು ಹೊಡೆದುಹಾಕಿಸಲು ಬಂದ. ಕಾರಣ ಕೇಳಿದರೆ ನೆಲ ನೋಡಿದ. ಕೊನೆಗೆ ಹೊರಬಿತ್ತು: ಯಾವುದೋ ಅಂಗಡಿಯವರು ಸಿದ್ಧಪಡಿಸಿದ ಯಂತ್ರಕ್ಕೆ 2,800 ರೂಪಾಯಿ ಹೇಳಿದ್ದಾರೆ. "ಪರೀಕ್ಷೆಯ ಶುಲ್ಕ ಕಟ್ಟಲೋ, ಇದನ್ನು ಕೊಡಿಸಲೋ, ನೀನೇ ಹೇಳು" ಎಂದರಂತೆ ತಂದೆ. ಐನೂರು ರೂಪಾಯಿ ಮಾತ್ರ ಕೊಡಬಲ್ಲೆನೆಂದರಂತೆ.

"ಐನೂರು ಸಾಕು. ಎರಡನೆಯ ಶನಿವಾರ ರೈಲು ನಿಲ್ದಾಣಕ್ಕೆ ಬಾ" ಎಂದೆ. ಅವನು ನಂಬಲಿಲ್ಲ, ಆದರೆ ಬಂದ.

ಬೆಂಗಳೂರಿನಲ್ಲಿ ಇಳಿದು, ಮೆಜೆಸ್ಟಿಕ್ಕಿನಿಂದ ಮೆಟ್ರೋ ಹಿಡಿದರೆ ಮುಂದಿನ ನಿಲ್ದಾಣವೇ ಚಿಕ್ಕಪೇಟೆ. ಅಲ್ಲಿಂದ ಜನರ ನಡುವೆ ತೂರಿಕೊಂಡು ಪುರಭವನದ ದಿಕ್ಕಿಗೆ ನಡೆದರೆ ಸದರ್ ಪತ್ರಪ್ಪ ರಸ್ತೆ. ಎಸ್.ಪಿ. ರೋಡ್ ಎಂದರೆ ಯಾರೂ ತೋರಿಸುತ್ತಾರೆ; ಪೂರ್ತಿ ಹೆಸರು ಹೇಳಿದರೆ ಒಮ್ಮೆ ಯೋಚಿಸುತ್ತಾರೆ. ನನಗೆ ಈ ಪ್ರದೇಶ ಪರಿಚಿತವಾದದ್ದು ಪುಸ್ತಕದ ಹುಳುವಾಗಿ: ಅವೆನ್ಯೂ ರಸ್ತೆಯಲ್ಲಿ ಹಳೆಯ ಪುಸ್ತಕ ಹುಡುಕುತ್ತ ಒಂದು ದಿನ ಕಾಲು ಇತ್ತ ತಿರುಗಿತು. ಎರಡಡಿ ಅಗಲದ ಅಂಗಡಿಗಳು, ಮೇಲೆ ಮಾಳಿಗೆಯಲ್ಲಿ ಇನ್ನಷ್ಟು ಅಂಗಡಿಗಳು, ತಲೆಯ ಮೇಲೆ ತಂತಿಗಳ ಜಡೆ, ಕಾಲ ಕೆಳಗೆ ತಳ್ಳುಗಾಡಿಯ ಚಕ್ರ. ಮುಂಬಯಿಗೆ ಲ್ಯಾಮಿಂಗ್ಟನ್ ರಸ್ತೆ, ಮದರಾಸಿಗೆ ರಿಚಿ ಬೀದಿ ಹೇಗೋ ನಮಗೆ ಇದು ಹಾಗೆ. ಭಾನುವಾರ ಮಾತ್ರ ಹೋಗಬೇಡಿ. ಬಹುಪಾಲು ಬಾಗಿಲುಗಳು ಮುಚ್ಚಿರುತ್ತವೆ.

ಅಂಗಡಿಯ ಮೆಟ್ಟಿಲು ಹತ್ತುವ ಮುನ್ನ ಬೇಕಾದದ್ದರ ಚೀಟಿ ಬರೆದಿಟ್ಟುಕೊಳ್ಳುವುದು ಒಳ್ಳೆಯದು. "ಒಂದು ಟ್ರಾನ್ಸಿಸ್ಟರ್ ಕೊಡಿ" ಎಂದು ಕೇಳುವವನು ಜವಳಿ ಅಂಗಡಿಯಲ್ಲಿ "ಒಂದು ಬಟ್ಟೆ ಕೊಡಿ" ಎಂದವನಂತೆ. "ಬಿ.ಸಿ. 547 ಐದು" ಎಂದರೆ ಮಾತು ಮುಗಿಯಿತು, ಮರ್ಯಾದೆಯೂ ಉಳಿಯಿತು. ರೆಸಿಸ್ಟರಿನ ಮೇಲೆ ಸಂಖ್ಯೆ ಬರೆದಿರುವುದಿಲ್ಲ, ಬಣ್ಣದ ಪಟ್ಟೆಗಳಿರುತ್ತವೆ. ಕಪ್ಪು ಸೊನ್ನೆ, ಕಂದು ಒಂದು, ಕೆಂಪು ಎರಡು, ಕಿತ್ತಳೆ ಮೂರು, ಹಳದಿ ನಾಲ್ಕು, ಹಸಿರು ಐದು, ನೀಲಿ ಆರು, ನೇರಳೆ ಏಳು, ಬೂದು ಎಂಟು, ಬಿಳಿ ಒಂಬತ್ತು. ಹಳದಿ, ನೇರಳೆ, ಕೆಂಪು ಎಂದರೆ ನಾಲ್ಕು, ಏಳು, ಆಮೇಲೆ ಎರಡು ಸೊನ್ನೆ: 4,700 ಓಮ್. ಛಂದಸ್ಸಿನ ಗಣಗಳಿಗೆ 'ಯಮಾತಾರಾಜಭಾನಸಲಗಂ' ಎಂಬ ಸೂತ್ರವನ್ನು ಬಾಯಿಪಾಠ ಮಾಡಿಸುವವನಿಗೆ ಇದೇನೂ ಕಷ್ಟವಲ್ಲ. ರೈಲಿನಲ್ಲಿ ಹುಡುಗನಿಗೆ ಇದನ್ನು ಹೇಳಿಕೊಟ್ಟೆ. ಗಣವಿಭಾಗದಲ್ಲಿ ಎಂದೂ ಅಂಕ ತೆಗೆಯದವನು ದಾಬಸಪೇಟೆ ದಾಟುವುದರೊಳಗೆ ಇದನ್ನು ಹಿಂದು ಮುಂದಾಗಿ ಒಪ್ಪಿಸಿದ!

ಮೊದಲ ಅಂಗಡಿಯಲ್ಲಿ, "ನೂರಕ್ಕೆ ಕಡಿಮೆ ಇಲ್ಲ" ಎಂದರು. ಅದು ತಪ್ಪೆನ್ನಲಾರೆ, ಸಗಟು ವ್ಯಾಪಾರಿಗೆ ನಮ್ಮ ಚಿಲ್ಲರೆ ಎಣಿಸುವಷ್ಟರಲ್ಲಿ ಒಬ್ಬ ದೊಡ್ಡ ಗಿರಾಕಿ ತಪ್ಪಿಹೋಗುತ್ತಾನೆ. ಎರಡನೆಯದರಲ್ಲಿ ನಮ್ಮ ಚೀಟಿಯನ್ನು ನೋಡಲೇ ಇಲ್ಲ. ಮೂರನೆಯದು ಮಾಳಿಗೆಯ ಮೇಲಿನ ಕಿಷ್ಕಿಂಧೆ. ವಯಸ್ಸಾದ ಯಜಮಾನರು ಕನ್ನಡಕ ಏರಿಸಿ ಚೀಟಿ ಓದಿದರು.

"ಪ್ರಾಜೆಕ್ಟೇನಪ್ಪ?"

"ಹೌದು ಸರ್. ತೊಟ್ಟಿಯ ಅಲಾರಂ."

"ಹಾಗಾದರೆ ಈ ಐಸಿ ಯಾಕೆ ಬರೆದಿದ್ದೀಯ? ಒಂದು ಟ್ರಾನ್ಸಿಸ್ಟರಿನಲ್ಲೇ ಆಗುತ್ತಲ್ಲ. ಸುಮ್ಮನೆ ದುಡ್ಡು ಹಾಳು."

ನಾನು ಹುಡುಕುತ್ತಿದ್ದ ಸಾಹೇಬರು ಇಲ್ಲಿ ಬೇರೊಂದು ಮುಖ ಹೊತ್ತು ಕುಳಿತಿದ್ದಂತೆ ತೋರಿತು. ಅವರ ಮಾತು ಸರಿಯೇ. ನೀರು ಎರಡು ತಂತಿಗಳನ್ನು ಒಟ್ಟಿಗೆ ಮುಟ್ಟಿದೊಡನೆ ಅತ್ಯಲ್ಪ ವಿದ್ಯುತ್ತು ಹರಿದು ಟ್ರಾನ್ಸಿಸ್ಟರನ್ನು ತಲಪುತ್ತದೆ, ಅದು ತನಗೆ ಬಂದುದರ ನೂರು ಪಟ್ಟಿಗೂ ಮಿಕ್ಕಿದ ಪ್ರವಾಹಕ್ಕೆ ಬಾಗಿಲು ತೆರೆಯಬಲ್ಲುದು, ಬಜರ್ ಕೂಗುತ್ತದೆ. ಇಷ್ಟೇ ಯಂತ್ರ.

ಅಂದಿನ ಲೆಕ್ಕ ನನ್ನ ಡೈರಿಯಲ್ಲಿದೆ. ಟ್ರಾನ್ಸಿಸ್ಟರ್ ಐದಕ್ಕೆ 15, ರೆಸಿಸ್ಟರ್ ಇಪ್ಪತ್ತಕ್ಕೆ 20, ಬಜರ್ 20, ತೂತುಗಳುಳ್ಳ ಪಿಸಿಬಿ ಹಲಗೆ 20, ಒಂಬತ್ತು ವೋಲ್ಟಿನ ಬ್ಯಾಟರಿ 25, ಅದರ ಕ್ಲಿಪ್ಪು 5. ಒಟ್ಟು 105 ರೂಪಾಯಿ. 2,800 ಎಲ್ಲಿ, 105 ಎಲ್ಲಿ! ಹುಡುಗ ಜೇಬಿನಲ್ಲಿ ಉಳಿದ ಹಣವನ್ನು ಮತ್ತೆ ಮತ್ತೆ ಮುಟ್ಟಿ ನೋಡಿಕೊಳ್ಳುತ್ತಿದ್ದ. ಉಪಕರಣಗಳನ್ನು ನಾನೇ ಎರವಲು ಕೊಡುವವನಿದ್ದೆ. ಆದರೆ ಅವನಿಗೆ ಸ್ವಂತದ್ದೊಂದು ಸೋಲ್ಡರಿಂಗ್ ಐರನ್ ಬೇಕೆಂಬ ಆಸೆ. ದರ್ಜಿಯ ಮಗನಿಗೆ ಸ್ವಂತ ಕತ್ತರಿಯ ಬೆಲೆ ಗೊತ್ತಿರುತ್ತದೆ. 25 ವ್ಯಾಟಿನದು 260, ಅದಕ್ಕೆ ಬೇಕಾದ ಸೀಸದ ತಂತಿ 90. ಉಳಿದ 45 ರೂಪಾಯಿಯನ್ನು ಅವನು ತಂದೆಗೆ ಹಿಂದಿರುಗಿಸುವೆನೆಂದ. ದೋಸೆಯ ಖರ್ಚು ನನ್ನದಾಯಿತು.

ಈ ಐರನ್ ಕೊಳ್ಳುವಾಗ ಯಜಮಾನರು ಅಗ್ಗದ ಇನ್ನೊಂದನ್ನು ತಾವೇ ಬದಿಗೆ ಸರಿಸಿದರು. ಮನೆಯ 230 ವೋಲ್ಟಿಗೆ ನೇರವಾಗಿ ಸೇರುವ ಯಾವ ವಸ್ತುವಿನಲ್ಲೂ ಉಳಿತಾಯ ನೋಡಬಾರದೆಂಬುದು ಅವರ ಮತ, ನನ್ನದೂ ಅದೇ. ಮೂರು ಪಿನ್ನಿನ ಪ್ಲಗ್ಗು ಇರಲಿ, ಅಡಾಪ್ಟರಿನ ಮೇಲೆ ಬಿ.ಐ.ಎಸ್. ಗುರುತಿರಲಿ. ಇನ್ನೂರು ಚಿಲ್ಲರೆ ರೂಪಾಯಿಯ ಹಳದಿ ಮಲ್ಟಿಮೀಟರು ಬ್ಯಾಟರಿಯ ಕೆಲಸಕ್ಕೆ ಧಾರಾಳ ಸಾಕು. ಆದರೆ ಅವುಗಳಲ್ಲಿ ಅನೇಕದರ ಹತ್ತು ಆಂಪಿಯರ್ ರಂಧ್ರಕ್ಕೆ ಫ್ಯೂಸೇ ಇರುವುದಿಲ್ಲ. ಅದನ್ನು ಹಿಡಿದು ಗೋಡೆಯ ಪ್ಲಗ್ಗಿನ ತನಿಖೆಗೆ ಹೊರಡುವುದು ಅಪಾಯ. ಸೀಸದ ತಂತಿಯಲ್ಲಿ ನೂರಕ್ಕೆ ಅರುವತ್ತು ತವರ, ನಲವತ್ತು ಸೀಸ ಇದ್ದರೆ ಸುಮಾರು 190 ಡಿಗ್ರಿಗೆ ಕರಗಿ ಬೆಸುಗೆ ಹೊಳೆಯುತ್ತದೆ. ತವರ ಕಡಿಮೆಯಾದಷ್ಟೂ ಹೆಚ್ಚು ಶಾಖ ಬೇಡುತ್ತದೆ, ಬೆಸುಗೆ ಮಂಕಾಗುತ್ತದೆ. ಕೆಲಸವಾದ ಮೇಲೆ ಕೈ ತೊಳೆಯದೆ ತಿಂಡಿಗೆ ಕೂರುವಂತಿಲ್ಲ, ಅದು ಸೀಸ.

ಪೇಟೆಯೆಂದ ಮೇಲೆ ಮೋಸವೂ ಉಂಟು. ತಾಮ್ರದ್ದೆಂದು ಮಾರುವ ತಂತಿಯನ್ನು ಬ್ಲೇಡಿನಿಂದ ಕೆರೆದು ನೋಡಿ. ಒಳಗೆ ಬೆಳ್ಳಗಾದರೆ ಅದು ತಾಮ್ರದ ಅಂಗಿ ತೊಟ್ಟ ಅಲ್ಯೂಮಿನಿಯಂ. 18650 ಎಂಬ ಲಿಥಿಯಂ ಬ್ಯಾಟರಿ ಹದಿನೆಂಟು ಮಿಲಿಮೀಟರ್ ದಪ್ಪ, ಅರುವತ್ತೈದು ಮಿಲಿಮೀಟರ್ ಉದ್ದ. ಆ ಗಾತ್ರದಲ್ಲಿ ನಾಲ್ಕು ಸಾವಿರ ಮಿಲಿಆಂಪಿಯರ್ ಗಂಟೆ ಹಿಡಿಸುವುದೇ ಹೆಚ್ಚು. ಹೊದಿಕೆಯ ಮೇಲೆ 9,900 ಎಂದು ಅಚ್ಚು ಹಾಕಿದವನು ಎಂಥ ಮಹಾಕವಿಯಿರಬೇಕು! ನಮ್ಮ ಆಸ್ಥಾನಕವಿಗಳ ಅತಿಶಯೋಕ್ತಿಯೂ ಇಷ್ಟು ದೂರ ಹೋಗಿರಲಾರದು.

ಹಳೆಯ ಸಾಮಾನಿನ ವಿಷಯ ಬೇರೆ. ಕೆಟ್ಟ ರೇಡಿಯೋ, ಸ್ಪೀಕರುಗಳಿಂದ ಟ್ರಾನ್ಸ್‌ಫಾರ್ಮರು, ಶಾಖ ಹೀರುವ ಅಲ್ಯೂಮಿನಿಯಂ ರೆಕ್ಕೆ, ತಿರುಗಣೆಗಳು, ತಿರುಪುಗಳು ಎಷ್ಟು ಬೇಕಾದರೂ ಸಿಗುತ್ತವೆ. ನಮ್ಮ ಊರಿನ ಗುಜರಿಯವರು ಇವನ್ನು ತೂಕಕ್ಕೆ ಕೊಡುತ್ತಾರೆ. ಎಲೆಕ್ಟ್ರೊಲಿಟಿಕ್ ಕೆಪಾಸಿಟರನ್ನು ಮಾತ್ರ ನಾನು ಹಳೆಯದರಿಂದ ಕಿತ್ತು ಬಳಸುವುದಿಲ್ಲ. ಅದರೊಳಗಿನ ದ್ರವ ವರ್ಷಗಳಲ್ಲಿ ಒಣಗುತ್ತದೆ, ಹೊರಗಿನಿಂದ ಗೊತ್ತಾಗುವುದೂ ಇಲ್ಲ. ಮನೆಯಲ್ಲಿ ಈ ಗುಜರಿಯ ಪೆಟ್ಟಿಗೆಯ ಬಗೆಗೆ ನನ್ನಾಕೆಯ ಅಭಿಪ್ರಾಯ ಬೇರೆಯಿದೆ. ಆದರೆ ನಮ್ಮ ತೊಟ್ಟಿಯ ಮೇಲೂ ಒಂದು ಅಲಾರಂ ಏರಿದ ಮೇಲೆ, ನೀರು ಉಕ್ಕಿ ಪಕ್ಕದ ಮನೆಯವರ ಗೋಡೆ ನೆನೆಯುವುದು ನಿಂತಮೇಲೆ, ಆ ಅಭಿಪ್ರಾಯದ ಕಾವು ಕೊಂಚ ಇಳಿದಿದೆ.

ಪ್ರದರ್ಶನದಲ್ಲಿ ಹುಡುಗನಿಗೆ ಬಹುಮಾನ ಬರಲಿಲ್ಲ. ಥರ್ಮೋಕೋಲಿನ ಬಣ್ಣದ ಜ್ವಾಲಾಮುಖಿಯೊಂದು ಅದನ್ನು ಹೊಡೆದುಕೊಂಡು ಹೋಯಿತು. ಅವನಿಗೆ ಅದರ ಚಿಂತೆಯಿದ್ದಂತೆ ಕಾಣಲಿಲ್ಲ. ತಂದೆ ತಮ್ಮ ಹೊಲಿಗೆ ಯಂತ್ರದ ಪಕ್ಕದಲ್ಲಿ ಅವನಿಗೊಂದು ಮೊಳ ಜಾಗ ಬಿಟ್ಟುಕೊಟ್ಟಿದ್ದಾರೆ. ಮುಂದಿನ ಬಾರಿ ಬೆಂಗಳೂರಿಗೆ ಅವನೊಬ್ಬನೇ ಹೋಗಿ, ಮೊದಲ ಅಂಗಡಿಯವರಿಂದಲೇ ನೂರರ ಪೊಟ್ಟಣ ತಂದ. ಬಟ್ಟೆಯ ಗುಂಡಿಗಳಿದ್ದ ಡಬ್ಬಿಗಳಲ್ಲಿ ಅವನ್ನು ವಿಂಗಡಿಸಿಟ್ಟು, ಕಿರಿಯ ಹುಡುಗರಿಗೆ ಬೇಕಾದಷ್ಟನ್ನೇ ಎಣಿಸಿ ಕೊಡುತ್ತಾನೆ.

ಮೊನ್ನೆ ನನಗೇ ಒಂದು 4,700 ಓಮಿನ ರೆಸಿಸ್ಟರ್ ತುರ್ತಾಗಿ ಬೇಕಾಯಿತು. ದರ್ಜಿಯ ಅಂಗಡಿಗೆ ಹೋದೆ. ನೂರು ರೂಪಾಯಿಯ ನೋಟನ್ನು ಅವನು ಹಿಂದಕ್ಕೆ ಕೊಟ್ಟ.

"ನಾಳೆ ತರಗತಿಗೆ ಚಿಲ್ಲರೆ ತನ್ನಿ ಸರ್. ಒಂದು ರೂಪಾಯಿ."